ನಲವತ್ತನೇ ಪುಟದ ಬಲೆಗಳು

ಪ್ರೀತಿ ಮಾಡೋರಿಗೆ ಪಾರ್ಕಿರುತ್ತೆ, ಸಿನಿಮಾ ಇರುತ್ತೆ, ಏನೂ ಇಲ್ಲದಿದ್ದರೆ ಬಸ್ ಸ್ಟಾಪಾದರೂ ಇರುತ್ತೆ. ಈ ಇಬ್ಬರಿಗೆ ಇದ್ದದ್ದು ಮೆಡಿಕಲ್ ಶಾಪಿನ ಗಾಜಿನಲ್ಲಿದ್ದ ಒಂದು ಕಿಂಡಿ. ಅಂಗೈ ತೂರುವಷ್ಟು. ಅವಳು ಒಳಗೆ, ಅವನು ಹೊರಗೆ, ಅವನ ಬೆನ್ನಿಗೆ ಕೆಮ್ಮುತ್ತಾ ನಿಂತ ಗಿರಾಕಿಗಳು.

ಅಂಗಡಿ ಅವಳ ಅಣ್ಣನದು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದವಳು ಅಂಗಡಿ ಮುಚ್ಚುವಾಗಲೇ ಹೊರಗೆ. "ಮನೆ ಹುಡುಗಿ ಇರುವಾಗ ಹೊರಗಿನವರು ಯಾಕಮ್ಮಾ?" ಅಂತ ಅಣ್ಣ ಆರು ವರ್ಷದ ಹಿಂದೆ ಹೇಳಿದ್ದ, ಈಗಲೂ ಅದೇ ಹೇಳುತ್ತಿದ್ದ. ಮನುಷ್ಯ ಕೆಟ್ಟವನಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಒಂದು ಜಗಳ ಆಡಿ ಹೋಗಿಬಿಡಬಹುದಿತ್ತು.

ಬಿಡುವು ಅಂದರೆ ಭಾನುವಾರ ಒಂದೇ. ಆವತ್ತು ಅವನ ರೂಮಿನಲ್ಲಿ ನಾಲ್ಕೈದು ಗೆಳೆಯರು ಮೇಜಿನ ಸುತ್ತ ಕೂತು ರೋಲ್‌ಪ್ಲೇ ಆಟ ಆಡುತ್ತಿದ್ದರು. ಒಬ್ಬರು ಕಥೆ ನಡೆಸಬೇಕು, ಉಳಿದವರು ಕಳ್ಳ, ವೈದ್ಯ, ಸಿಪಾಯಿ ಅಂತ ಒಂದೊಂದು ಪಾತ್ರವಾಗಿ ದಾಳ ಉರುಳಿಸಬೇಕು. ಕಥೆ ನಡೆಸುವವಳು ಅವಳು, ಹಾಗಾಗಿ ಎಲ್ಲರ ಬಾಯಲ್ಲೂ ಯಜಮಾನಿ. ಅವನು ಕಟ್ಟಡಗಳ ಪ್ಲಾನ್ ಬರೆಯುವ ಡ್ರಾಫ್ಟ್ಸ್‌ಮನ್. ಆಟದ ನಕ್ಷೆಗಳೂ ಅವನವೇ, ಹಾಗಾಗಿ ಅವನ ಹೆಸರೂ ನಕ್ಷೆ ಅಂತಲೇ ಆಗಿತ್ತು. ಎರಡು ವರ್ಷದಲ್ಲಿ ಅವಳ ಕಥೆ, ಅವನ ನಕ್ಷೆ ಸೇರಿ ನೂರಿಪ್ಪತ್ತು ಪುಟದ ಪುಸ್ತಕವೇ ಆಗಿತ್ತು. ಏಳು ಮಹಡಿಯ ಪಾಳುಕೋಟೆ, ಕುಸಿಯುವ ನೆಲ, ಉರುಳುವ ಬಂಡೆ ಅಂತ ಹೆಜ್ಜೆಗೊಂದು ಬಲೆ, ಒಳಹೊಕ್ಕವರು ಜೀವಂತ ಹೊರಬರಬೇಕು, ಅಷ್ಟೇ ಆಟ.

ಒಂದು ತಿಂಗಳಿಂದ ಇಬ್ಬರಿಗೂ ಒಂದೇ ಜಗಳ. ಪುಸ್ತಕವನ್ನು ಎಲ್ಲರಿಗೂ ಹಂಚುವುದಕ್ಕೆ, ಯಾರು ಬೇಕಾದರೂ ಬಳಸಲಿ ಅಂತ ಬರೆದುಕೊಡುವ ಓಪನ್ ಲೈಸೆನ್ಸುಗಳಲ್ಲಿ ಯಾವುದನ್ನು ಹಾಕುವುದು? "ನಮ್ಮ ಹೆಸರು ಹಾಕಿ ಏನ್ ಬೇಕಾದ್ರೂ ಮಾಡ್ಕೊಳ್ಳಲಿ ಬಿಡು" ಅಂತ ಅವಳು. "ಅದ್ಹೇಗೆ? ನಮ್ಮಿಂದ ತಗೊಂಡೋರು ತಾವೂ ಹಾಗೇ ಹಂಚಬೇಕು" ಅಂತ ಅವನು. ನಿಜ ಹೇಳಬೇಕೆಂದರೆ ಆ ಜಗಳ ಮುಗಿಯುವುದು ಇಬ್ಬರಿಗೂ ಬೇಕಿರಲಿಲ್ಲ.

ಆ ಮಂಗಳವಾರ ಅವನು ಕಿಂಡಿಗೆ ಬಗ್ಗಿ, "ತಲೆನೋವಿಗೆ ಏನಾದ್ರೂ ಕೊಡಿ ಯಜಮಾನೀ" ಅಂದ.

"ತಲೆ ಇದ್ದೋರಿಗೆ ಮಾತ್ರ ಕೊಡೋದು." ಅವಳು ಮುಖ ಎತ್ತಲಿಲ್ಲ, ಆದರೆ ತುಟಿಯ ಎಡತುದಿ ಮಾತ್ರ ನಗುತ್ತಿತ್ತು. ಆ ಎಡತುದಿಗಾಗಿ ಅವನು ದಿನಾ ಎರಡು ಕಿಲೋಮೀಟರ್ ಸುತ್ತುಹಾಕಿ ಬರುತ್ತಿದ್ದ.

"ಲೈಸೆನ್ಸ್ ಜಗಳ ಮುಗೀತು ಕಣೋ. ಇದನ್ನ ಓದು." ಕಿಂಡಿಯಿಂದ ಒಂದು ಕಾಗದ ಹೊರಬಂತು.

ಅವಳು ಕಳಿಸಿನೋಡಿದ್ದ ಪುಸ್ತಕಕ್ಕೆ ದೂರದ ನಗರದ ಪ್ರಕಾಶಕರು ಬರೆದ ಪತ್ರ. ಪುಸ್ತಕದ ಪೂರ್ತಿ ಹಕ್ಕು ತಮಗೇ ಬೇಕು, ಇನ್ಯಾರಿಗೂ ಕೊಡುವಂತಿಲ್ಲ. ಅವಳಿಗೆ ಅವರ ಆಫೀಸಿನಲ್ಲಿ ಮೂರು ವರ್ಷ ಬರೆಯುವ ಕೆಲಸ, ಇರಲು ಒಂದು ಕೋಣೆ. ಷರತ್ತು ಒಂದೇ, ಪುಸ್ತಕದಲ್ಲಿ ಇರುವುದೆಲ್ಲ ಸ್ವಂತದ್ದಾಗಿರಬೇಕು. ಶನಿವಾರ ಮಧ್ಯಾಹ್ನದೊಳಗೆ ಸಹಿ.

ಅವನು ಮುಖ ಎತ್ತಿದ. ಅವಳ ಕಣ್ಣು ಅಷ್ಟು ಅಗಲವಾಗಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಹೋಗಿಬಿಡ್ತಾಳೆ ಅಂದುಕೊಂಡ. ಅದರ ಹಿಂದೆಯೇ ನಲವತ್ತನೇ ಪುಟ ನೆನಪಾಯಿತು.

ಅಯ್ಯೋ ದೇವರೇ. ಆ ಪುಟದಲ್ಲಿದ್ದ ಮೂವತ್ತಾರು ಬಲೆಗಳ ಪಟ್ಟಿ ಅವರದ್ದಾಗಿರಲಿಲ್ಲ. ಯಾರೋ ಪುಣ್ಯಾತ್ಮರು ಓಪನ್ ಲೈಸೆನ್ಸಿನಲ್ಲಿ ಹಂಚಿದ್ದನ್ನು ಅವನೇ ಒಂದು ಭಾನುವಾರದ ಮಟ್ಟಿಗೆ ಎತ್ತಿಕೊಂಡಿದ್ದ. ತಗೊಂಡವರು ತಾವೂ ಹಾಗೇ ಹಂಚಬೇಕು, ಒಬ್ಬರಿಗೇ ಪೂರ್ತಿ ಹಕ್ಕು ಕೊಡುವಂತಿಲ್ಲ ಅನ್ನುವ ಲೈಸೆನ್ಸ್ ಅದು. ಹೇಗೂ ನಮ್ಮದೂ ಓಪನ್ನೇ ಅಲ್ವಾ ಅಂತ ಸುಮ್ಮನಿದ್ದ. ಆಮೇಲೆ ಬಲೆಗಳು ಗೋಡೆಯೊಳಗೆ ಸೇರಿದವು, ಗೋಡೆಗಳ ಮೇಲೆ ಮಹಡಿಗಳೆದ್ದವು. ಈಗ ಒಂದು ಬಲೆ ಕಿತ್ತರೆ ಮೂರು ಕೋಣೆ ಕುಸಿಯುತ್ತಿತ್ತು.

ಹೇಳಿದರೆ ಅವಳು ಎಲ್ಲಿಗೂ ಹೋಗುವುದಿಲ್ಲ. ಒಂದು ಕ್ಷಣ ಅವನಿಗೆ ಖುಷಿಯಾಯಿತು. ಮರುಕ್ಷಣ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಎಲ್ಲಾ ಹೇಳಿಬಿಟ್ಟ.

ಅವಳು ಆ ಕಾಗದವನ್ನು ಒಳಗೆಳೆದುಕೊಂಡು ಮಡಿಸಿದಳು. "ಬೇಕಂತ ಮಾಡಿದ್ಯಾ?"

"ಛೇ, ಏನ್ ಮಾತು! ಎರಡು ವರ್ಷದ ಹಿಂದೆ..."

"ಅಣ್ಣನೂ ಬೇಕಂತ ಮಾಡಲ್ಲ. ಯಾರೂ ಬೇಕಂತ ಮಾಡಲ್ಲ. ಒಳಗೆ ಕೂತಿರೋಳು ಮಾತ್ರ ನಾನು." ಅವನ ಭುಜದಾಚೆ ನೋಡುತ್ತಾ, "ಮುಂದಿನೋರು ಬನ್ನಿ" ಅಂದಳು.

ಅವನು ಆಫೀಸಿಗೆ ನಾಲ್ಕು ದಿನ ರಜೆ ಹಾಕಿದ. ಏಳೂ ಮಹಡಿಗಳನ್ನು ಬುಡದಿಂದ ಬರೆಯಲು ಕೂತ. ಹೊಸ ಮೆಟ್ಟಿಲು, ಹೊಸ ಗೋಡೆ, ತನ್ನ ತಲೆಯಿಂದಲೇ ತೆಗೆದ ಮೂವತ್ತಾರು ಬಲೆ. ಬೆರಳು ಮರಗಟ್ಟಿತು, ಊಟ ಆರಿಹೋಯಿತು. ಅವಳನ್ನು ತನ್ನಿಂದ ದೂರ ಕಳಿಸುವುದಕ್ಕೆ ತಾನೇ ದಾರಿ ಬರೆಯುತ್ತಿದ್ದೇನೆ ಅಂತ ಗೊತ್ತಿತ್ತು. ಗೊತ್ತಿದ್ದೂ ಒಂದು ಗೆರೆ ಸೊಟ್ಟ ಹಾಕಲಿಲ್ಲ.

ಶನಿವಾರ ಹನ್ನೊಂದಕ್ಕೆ ನಕ್ಷೆಗಳ ಸುರುಳಿಯನ್ನು ಕಿಂಡಿಯಲ್ಲಿ ತೂರಿಸಿದ. "ಇದರಲ್ಲಿ ಯಾರ ಹಂಗೂ ಇಲ್ಲ. ಧೈರ್ಯವಾಗಿ ಸಹಿ ಹಾಕು."

ಅವಳು ಬಿಡಿಸಿ ನೋಡಿದಳು. ಒಂದೊಂದೇ ಹಾಳೆ, ನಿಧಾನವಾಗಿ.

"ನನ್ನನ್ನ ಕಳಿಸೋಕೆ ನಾಲ್ಕು ದಿನ ಕೂತ್ಯಲ್ಲ. ಇರು ಅನ್ನಬೇಕು ಅಂತ ಒಂದ್ಸಲನೂ ಅನ್ನಿಸ್ಲಿಲ್ವಾ?"

"ದಿನಕ್ಕೆ ಐವತ್ತು ಸಲ ಅನ್ನಿಸ್ತು. ಅಂದಿದ್ರೆ ನೀನು ಇದ್ದುಬಿಡ್ತಿದ್ದೆ. ಆಮೇಲೆ ಮೂರು ವರ್ಷ ಈ ಗಾಜಿನ ಹಿಂದೆ ನಿನ್ನ ಮುಖ ನೋಡೋ ಯೋಗ್ಯತೆ ನಂಗಿರ್ತಿರಲಿಲ್ಲ."

ಹಿಂದಿನಿಂದ ಒಬ್ಬ ಅಜ್ಜ, "ಅಮ್ಮಾ, ನನ್ನ ಕೆಮ್ಮಿನ ಔಷಧಿ..." ಅಂದರು.

"ಒಂದೇ ನಿಮಿಷ ಅಜ್ಜ."

"ನಿಧಾನಕ್ಕೆ ಕೊಡಮ್ಮಾ. ಕೆಮ್ಮು ಎಲ್ಲಿಗೂ ಓಡಿಹೋಗಲ್ಲ."

ಅವಳು ನಗಲೂ ಆಗದೆ ಅಳಲೂ ಆಗದೆ ಮೂಗು ಒರೆಸಿಕೊಂಡಳು. "ಹಳೇ ನಕ್ಷೆಗಳು?"

"ನಿನ್ನ ಕಥೆಯ ಹೆಸರುಗಳನ್ನೆಲ್ಲ ಅಳಿಸಿದ್ದೀನಿ. ಬರೀ ಗೋಡೆ, ಬಲೆ. ಎಲ್ಲರಿಗೂ ಹಂಚ್ತೀನಿ, ಯಾರಿಂದ ತಗೊಂಡ್ನೋ ಅವರ ಲೈಸೆನ್ಸಲ್ಲೇ." ಮೊಬೈಲನ್ನು ಕಿಂಡಿಯೊಳಗೆ ಚಾಚಿದ.

ಅವಳು ಓದಿದಳು. "ಒಮ್ಮೆ ಕೊಟ್ಟ ಮೇಲೆ ವಾಪಸ್ ತಗೊಳ್ಳೋ ಹಾಗಿಲ್ಲ ಅಂತಿದೆ. ಯೋಚ್ನೆ ಮಾಡಿದ್ಯಾ?"

"ಮಾಡಿದ್ದೀನಿ. ಇನ್ನೊಂದು ವಿಷ್ಯನೂ ಯೋಚ್ನೆ ಮಾಡಿದ್ದೀನಿ. ನಿನ್ನನ್ನ ಪ್ರೀತಿಸ್ತೀನಿ. ನೀನು ಮೂರು ವರ್ಷ ಬಿಟ್ಟು ಬಂದ್ರೂ ಸರಿ, ಬರದೇ ಇದ್ರೂ ಸರಿ, ಅದನ್ನ ವಾಪಸ್ ಕೇಳೋನಲ್ಲ ನಾನು."

ಅಜ್ಜನ ಕೆಮ್ಮು ಥಟ್ಟನೆ ನಿಂತಿತು.

ಹಳೇ ನಕ್ಷೆಗಳನ್ನು ಹಂಚುವ ಗುಂಡಿಯನ್ನು ಅವಳೇ ಒತ್ತಿ ಮೊಬೈಲ್ ವಾಪಸ್ ಕೊಟ್ಟಳು. ಆಮೇಲೆ ಕೌಂಟರಿನ ಪಕ್ಕದ ಬಾಗಿಲ ಚಿಲಕ ತೆಗೆದಳು. ಒಳಗಿನಿಂದ ಅಣ್ಣ, "ಎಲ್ಲಿಗೇ? ಗಿರಾಕಿ ಇದ್ದಾರೆ!" ಅಂದ.

"ಇಲ್ಲೇ ಇದ್ದೀನಿ ಅಣ್ಣಾ."

ಹೊರಗೆ ಬಂದು ಅವನೆದುರು ನಿಂತಳು. ಭಾನುವಾರ ಬಿಟ್ಟು ಬೇರೆ ದಿನ ಅವನು ಅವಳ ಪಾದ ನೋಡಿದ್ದು ಅದೇ ಮೊದಲು. ಇಂಕು ಮೆತ್ತಿದ ಅವನ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬೀದಿ ನೋಡುತ್ತಿದೆ ಅನ್ನುವ ಪರಿವೆಯೇ ಇಲ್ಲದೆ.

"ನಂಗೂ ನೀನಂದ್ರೆ ಪ್ರಾಣ ಕಣೋ, ಪೆದ್ದ. ಆದ್ರೂ ಹೋಗ್ತೀನಿ. ಇಲ್ಲಿ ಉಸಿರು ಕಟ್ಟುತ್ತೆ."

"ಗೊತ್ತು."

"ಅಳಬೇಡ ಮತ್ತೆ."

"ಅಳ್ತಿರೋಳು ನೀನು."

ಅವಳು ಇನ್ನೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಒಳಗೆ ಹೋಗಿ, ಅಜ್ಜನಿಗೆ ಕೆಮ್ಮಿನ ಔಷಧಿ ಕೊಟ್ಟು, ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದಳು.