ನಾಲ್ಕೇ ಹುಡುಗರ ಕವರ್

ರೆಕಾರ್ಡ್ ಅಂಗಡಿಯವನಿಗೆ ಕಣ್ಣಲ್ಲಿ ಮಾತಾಡುವುದು ಗೊತ್ತು, ಬಾಯಲ್ಲಿ ಗೊತ್ತಿಲ್ಲ. ತಿಂಗಳುಗಟ್ಟಲೆ ನನಗೆ ಅದೇ ಸಿಟ್ಟು.

ಹೊಸದಾಗಿ ಬರಲಿದ್ದ ಒಂದು ಆಲ್ಬಂನ ಬುಕಿಂಗ್ ವಿಚಾರಿಸುವ ನೆಪದಲ್ಲಿ ವಾರವಾರ ಹೋಗುತ್ತಿದ್ದೆ. "ಮತ್ತೆ ಬಂದ್ರಾ?" ಅಂತ ಕೇಳಿ, ನನ್ನ ಕಿವಿಯೋಲೆಯಿಂದ ಕಣ್ಣಿಗೆ, ಕಣ್ಣಿಂದ ತನ್ನ ಬಿಲ್ ಮಷೀನಿಗೆ ನೋಟ ಇಳಿಸುತ್ತಿದ್ದ. ಇಷ್ಟ ಅಂತ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

"ಆಲ್ಬಂ ನಿಮಗಾ?"

"ನಮ್ಮಣ್ಣಂಗೆ. ನಂಗೆ ಬೇಕಾಗಿರೋದೂ ಈ ಅಂಗಡೀಲೇ ಇದೆ. ಮಾರಾಟಕ್ಕಿಲ್ಲ ಅನ್ಸತ್ತೆ."

ಕೆಮ್ಮಿದ. ಅಷ್ಟೇ.

ಅಣ್ಣ ಲಾರಿ ಟೈರ್ ಬಿಚ್ಚುವವನು. ಹದಿನೈದರ ವಯಸ್ಸಿಂದ ಆ ಐದು ಹುಡುಗರ ಬ್ಯಾಂಡ್ ಅಂದರೆ ಪ್ರಾಣ, ಅದರಲ್ಲೂ ಡ್ರಮ್ಮರ್. ಅವನ ಹಾಗೇ ಕೂದಲು ಬಿಟ್ಟು ಅಪ್ಪನಿಂದ ಬೆಲ್ಟಿನೇಟು ತಿಂದಿದ್ದ. ಅವರ ಮೊದಲ ಆಲ್ಬಂ ಮತ್ತೆ ಬರುತ್ತದೆ ಅಂದಾಗ ಅತ್ತೇಬಿಟ್ಟ.

ಬಿಡುಗಡೆಯ ಬೆಳಿಗ್ಗೆ ಬೀದಿ ತುಂಬ ಕ್ಯೂ. ಅಣ್ಣನ ಜೊತೆ ನುಗ್ಗಿಕೊಂಡು ಕೌಂಟರ್ ಮುಟ್ಟಿ, "ಇವರೇ ನಮ್ಮಣ್ಣ" ಅಂದೆ. ಅಷ್ಟರಲ್ಲಿ ಗಲಾಟೆ ಶುರು. ಒಬ್ಬ ಪುಂಡ ಯಾರದೋ ಜಡೆ ಹಿಡಿದೆಳೆದ. ಅಂಗಡಿಯವನು ಕೌಂಟರ್ ಹಾರಿ ಕೊಟ್ಟ ಏಟಿಗೆ ಪುಂಡ ಹೋಗಿ ಚರಂಡಿಗೆ ಬಿದ್ದ. ಇನ್ನೊಬ್ಬ ಬಾಟಲಿ ಎತ್ತಿದ. ಅವನ ಕೈ ತಿರುಚಿದಾಗ ಲಟಕ್ ಅಂದದ್ದು ನನಗೂ ಕೇಳಿಸಿತು. ಅಯ್ಯೋ, ಅಂಗಡಿಯವನ ಆ ತೋಳು! ಅಲ್ಲೇ ಕರಗಿಹೋದೆ.

ಇತ್ತ ಅಣ್ಣ ಕೌಂಟರ್ ಮೇಲಿದ್ದ ಆಲ್ಬಂ ಎತ್ತಿ, ಪ್ಲಾಸ್ಟಿಕ್ ಹರಿದು ಕವರ್ ನೋಡಿದ. ಹಳೆಯ ಅದೇ ಫೋಟೋ, ಆದರೆ ನಾಲ್ಕೇ ಹುಡುಗರು. ಅಂಚಿನಲ್ಲಿದ್ದ ಡ್ರಮ್ಮರನ್ನು ಕಂಪನಿಯವರು ಕತ್ತರಿಸಿ ಬಿಸಾಕಿದ್ದರು.

"ಎಲ್ಲೋ ಅವನು?" ಅಣ್ಣ ಅಂಗಡಿಯವನ ಕಾಲರ್ ಹಿಡಿದ.

"ನಾನು ಬರೀ ಮಾರೋನು, ಸರ್..."

ಮೊದಲ ಗುದ್ದು ಮೂಗಿಗೆ. ರಕ್ತ ಬಿಲ್ ಮಷೀನಿಗೆ ಚಿಮ್ಮಿತು. ಎರಡನೆಯದಕ್ಕೆ ಹಲ್ಲು ಹಾರಿತು. ಶೋಕೇಸ್ ಉರುಳಿ ಗಾಜು ಪುಡಿಪುಡಿಯಾಯಿತು. ಆ ಚೂರುಗಳ ಮೇಲೇ ಅವನನ್ನು ಕೆಡವಿ ಅಣ್ಣ ಒದ್ದ, ಮತ್ತೆ ಒದ್ದ. ಈಗಷ್ಟೇ ಇಬ್ಬರನ್ನು ಹಣ್ಣುಗಾಯಿ ಮಾಡಿದವನು ಕೈ ಎತ್ತಲೇ ಇಲ್ಲ.

"ತಿರುಗಿಸಿ ಹೊಡೀರೀ!" ನಾನೇ ಕಿರುಚಿದೆ. ಅವನು ಇಲ್ಲವೆಂದು ತಲೆಯಾಡಿಸಿದ.

ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ರೆಕಾರ್ಡ್ ಎತ್ತಿ ಅಣ್ಣನ ನೆತ್ತಿಗೆ ಬಾರಿಸಿದೆ. ಅದು ಎರಡು ಹೋಳಾಯಿತು. ಅಣ್ಣನ ಹಣೆಯಿಂದ ರಕ್ತ ಇಳಿಯಿತು.

"ನನ್ನೇ ಹೊಡೆದ್ಯಾ?"

"ಅವನು ಸತ್ರೆ ನಾನೂ ಸಾಯ್ತೀನಿ ಅಣ್ಣಾ!"

ನಾನು ಗಾಜಿನ ಮೇಲೇ ಮೊಣಕಾಲೂರಿ ಅವನ ತಲೆ ಎತ್ತಿ ಹಿಡಿದೆ.

"ಸುಮ್ನೆ ಯಾಕೆ ತಿಂದ್ರಿ? ಕೈ ಬಿದ್ದೋಗಿತ್ತಾ?"

ಅವನು ರಕ್ತ ಉಗಿದ. ಅಣ್ಣನನ್ನು ನೋಡಿದ. ಆಮೇಲೆ, ಮೊದಲ ಸಲ, ನನ್ನ ಮೇಲಿಟ್ಟ ನೋಟ ಇಳಿಸಲಿಲ್ಲ.

"ಹೆಂಗ್ರೀ ಹೊಡೀಲಿ? ನಾಳೆ ಭಾವ ಅಂತ ಕರೀಬೇಕಲ್ಲ."

ಅಣ್ಣನ ಮುಷ್ಟಿ ಸಡಿಲವಾಯಿತು. "ಇವನು ನಿನ್ನ ಕೇಳಿದ್ನೇನೇ?"

"ಎಲ್ಲಿ ಕೇಳಿದಾನೆ!"

"ಈಗ ಕೇಳ್ತಿದೀನಿ," ಅಂದ ಅವನು.

ಕರ್ಚೀಫನ್ನು ಅವನ ಬಾಯಿಗೊತ್ತಿ ಹಿಡಿದೆ. ನನ್ನ ಕಣ್ಣೀರು ಅವನ ಮುಖದ ಮೇಲೇ ಬೀಳುತ್ತಿತ್ತು.

"ಹೂಂ ರೀ, ಹೂಂ! ಈ ಬಾಯಿ ಮೊದಲೇ ಬಿಟ್ಟಿದ್ರೆ ಹಲ್ಲಾದ್ರೂ ಉಳೀತಿತ್ತು."