ಸಿಸ್ಟರ್ ಎನ್ನದವನು

ಹುಣಸೂರಿನ ಚರಿತ್ರೆ ಬರೆಯುವವರು ಮರೆಯಬಾರದ ದಿನವೊಂದಿದೆ. ಜೂನ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಸ್ಟೋರಿನ ನಟರಾಜು ಆ ಹೊತ್ತಿನಲ್ಲಿ ಒಬ್ಬ ನರ್ಸನ್ನು ‘ಸಿಸ್ಟರ್’ ಎಂದು ಕರೆಯಲಿಲ್ಲ.

“ಇನ್ಸುಲಿನ್ ಸೂಜಿ ಏಳು ಕೊಡಿ,” ಎಂದಿದ್ದಳು ಪವಿತ್ರಾ.

“ಚೀಟಿ?”

“ನಾನು ನರ್ಸ್.”

“ಯಾವ ಆಸ್ಪತ್ರೆ?”

ಮೂರು ವರ್ಷದ ಓದು, ಫಸ್ಟ್ ಕ್ಲಾಸ್, ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲವೂ ಪವಿತ್ರಾಳ ಚೀಲದಲ್ಲಿತ್ತು. ಆಸ್ಪತ್ರೆ ಮಾತ್ರ ಇರಲಿಲ್ಲ.

ಅವನು ಅವಳ ಮುಖವನ್ನೇ ನೋಡಿದ. ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು... ಮತ್ತೇನೂ ಕೇಳದೆ ಏಳು ಸೂಜಿ ಎಣಿಸಿಟ್ಟ. ಅಷ್ಟರಲ್ಲಿ ಪಕ್ಕಕ್ಕೆ ಬಂದ ಯಾವುದೋ ಆಸ್ಪತ್ರೆಯ ಆಯಾಳಿಗೆ ಬಾಯ್ತುಂಬ ನಕ್ಕು, “ಏನ್ ಸಿಸ್ಟರ್, ಕಾಫಿ ಆಯ್ತಾ?” ಎಂದ.

‘ನೆಲ ಒರೆಸುವವಳು ಸಿಸ್ಟರ್... ನಾನು?’

ಆಯಾ ಒಳ್ಳೆಯ ಹೆಂಗಸು. ಆ ಗಳಿಗೆಯಲ್ಲಿ ಪವಿತ್ರಾಳಿಗೆ ಅದು ಕಾಣಲಿಲ್ಲ, ಅಷ್ಟೆ.

ಮನೆಯಲ್ಲಿ ಅವಳ ಬಿಳಿ ಯೂನಿಫಾರಂ ಇಸ್ತ್ರಿಯಾಗಿ ಗೋಡೆಗೆ ನೇತುಬಿದ್ದಿತ್ತು. ಜೊತೆಯಲ್ಲಿ ಓದಿದ ಕೇರಳದ ಹುಡುಗಿಯರು ಜರ್ಮನಿಯ ಆಸ್ಪತ್ರೆಗಳಿಗೆ ಹೋಗಲು ಆಗಲೇ ಜರ್ಮನ್ ಕಲಿಯುತ್ತಿದ್ದರು. ವಾಟ್ಸ್ಆ್ಯಪ್ ಗುಂಪಿಗೆ ಒಬ್ಬೊಬ್ಬರದೇ ಡ್ಯೂಟಿ ಫೋಟೋ ಬರುತ್ತಿತ್ತು. ಪವಿತ್ರಾ ಒಂದು ಹೃದಯದ ಗುರುತು ಒತ್ತಿ ಫೋನನ್ನು ಬೋರಲು ಇಡುತ್ತಿದ್ದಳು. ಆಮೇಲೆ ಆ ಮನೆಯಲ್ಲಿ ಅವಳಿಗೆ ಮಾಡಲು ಏನೂ ಇರುತ್ತಿರಲಿಲ್ಲ.

ಕೆ.ಆರ್. ನಗರದ ಒಂದು ನರ್ಸಿಂಗ್ ಹೋಮಿನವರು ಎರಡು ವರ್ಷದ ಅನುಭವ ಕೇಳಿದರು. ಎಚ್.ಡಿ. ಕೋಟೆಯಲ್ಲೂ ಅದನ್ನೇ ಕೇಳಿದರು. ಅನುಭವ ಎಲ್ಲಿ ಸಿಗುತ್ತದೆ ಎಂದು ಅವಳು ವಿಚಾರಿಸಿದಾಗ, ಎಲ್ಲಾದರೂ ಕೆಲಸ ಮಾಡಿಕೊಂಡು ಬನ್ನಿ ಎಂದು ಬಹಳ ಸೌಜನ್ಯದಿಂದ ಹೇಳಿ ಕಳಿಸಿದರು.

ಅವಳಿಗಿದ್ದ ರೋಗಿ ಒಬ್ಬಳೇ. ಪಕ್ಕದ ಮನೆಯ ಸಣ್ಣತಾಯಮ್ಮ. ದಿನಾ ಬೆಳಿಗ್ಗೆ ಆರಕ್ಕೆ ಸಕ್ಕರೆ ನೋಡಿ, ಸೂಜಿ ಚುಚ್ಚಿ, ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮುದುಕಿ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿತ್ತು. ಬೀದಿಯವರು ಕೆಲಸ ಸಿಗದೋಳು ಎನ್ನುತ್ತಿದ್ದರು. ನಡುವಿನ ಹೆಸರೊಂದು ಯಾರ ಬಾಯಿಗೂ ಬರುತ್ತಿರಲಿಲ್ಲ.

ಮುಂದಿನ ಸೋಮವಾರ ಆ ವಾರದ ಏಳು ಸೂಜಿ ಹಾಕಿ ನಟರಾಜು ಕೊಟ್ಟ ಔಷಧಿ ಕವರಿನ ಮೇಲೆ ಪೆನ್ನಿನಲ್ಲಿ ಏನೋ ಬರೆದಿತ್ತು. ಯಾವುದೋ ಆಸ್ಪತ್ರೆಯ ಹೆಸರು, ಕೆಳಗೆ ‘ನರ್ಸ್ ಬೇಕಂತೆ’. ಅದರ ಮುಂದಿನ ವಾರ ಇನ್ನೊಂದು. ಅವಳು ಹೋದಳು, ಅನುಭವವಿಲ್ಲ ಎನ್ನಿಸಿಕೊಂಡು ವಾಪಸು ಬಂದಳು. ಕವರುಗಳನ್ನು ಮಾತ್ರ ಎಸೆಯಲಿಲ್ಲ. ಯಾಕೆಂದು ಅವಳೂ ಯೋಚಿಸಲಿಲ್ಲ. ಅವನು ‘ರೀ’ ಎನ್ನುತ್ತಿದ್ದ, ‘ನೋಡಿ’ ಎನ್ನುತ್ತಿದ್ದ. ಸಿಸ್ಟರ್ ಎನ್ನುತ್ತಿರಲಿಲ್ಲ.

ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಮಗಳನ್ನು ಸೀರೆ ಅಂಗಡಿಗೆ ಕಳಿಸುವುದಾಗಿ ಅವ್ವ ಮಲ್ಲಾಜಮ್ಮ ಅಂಗಡಿಯವರಿಗೆ ಮಾತು ಕೊಟ್ಟು ಬಂದಳು. “ಸೀರೆ ಮಡಚೋದಾರ ಕಲ್ತ್ಕೊ. ಓದಿದ್ದು ಎಲ್ಲೋಯ್ತದೆ, ಬುಡು,” ಎಂದಳು.

ಹಬ್ಬದ ಹಿಂದಿನ ಸೋಮವಾರ ಪವಿತ್ರಾ ಸೂಜಿಯ ಕವರು ಕೈಗೆ ತೆಗೆದುಕೊಂಡಳು, ಆದರೆ ಕದಲಲಿಲ್ಲ.

“ಒಂದ್ಮಾತು ಕೇಳ್ತೀನಿ. ಆಯಾನೂ ನಿಮಗೆ ಸಿಸ್ಟರು. ನಾನು ನರ್ಸ್ ಅಲ್ವೇನ್ರೀ?”

ನಟರಾಜು ಗುಳಿಗೆಯ ಹಾಳೆಯನ್ನು ಕತ್ತರಿಸುತ್ತಿದ್ದವನು ಬೆರಳನ್ನೂ ಸೇರಿಸಿ ಕತ್ತರಿಸುವುದರಲ್ಲಿದ್ದ.

“ನಿಮ್ಮನ್ನ ಹಂಗೆ ಕರೆಯಾಕೆ ನನ್ ಕೈಲಾಗಲ್ಲ,” ಎಂದ.

ಅವಳು ಕೇಳಿಸಿಕೊಂಡದ್ದು ತೀರ್ಪು. ‘ಇವನೂ ಹೇಳಿಬಿಟ್ಟ... ಇನ್ನು ಯಾರನ್ನ ಕೇಳಲಿ?’ ಬಸ್ ಸ್ಟ್ಯಾಂಡಿನ ಅಷ್ಟು ಜನರ ನಡುವೆ ಒಬ್ಬಳೇ ಕೂತಳು. ಕಣ್ಣೊರೆಸಿಕೊಳ್ಳುವಾಗ ಕೈಯಲ್ಲಿದ್ದ ಕವರು ಕಂಡಿತು. ‘ಪಿರಿಯಾಪಟ್ಟಣದ ಆಸ್ಪತ್ರೆ. ಇವತ್ತೇ ಹೋಗಿ. ಸುನಂದಮ್ಮ ಅವರನ್ನು ಕೇಳಿ.’

ಆಸೆಯಿಂದ ಹೋಗಲಿಲ್ಲ, ಸಿಟ್ಟಿನಿಂದ ಹೋದಳು. ಸುನಂದಮ್ಮ ಅಲ್ಲಿನ ಹಿರಿಯ ನರ್ಸ್. ಅನುಭವ ಎಷ್ಟಮ್ಮ ಎಂದರು. ಪವಿತ್ರಾ ಚೀಲದಲ್ಲಿದ್ದ ಸಣ್ಣತಾಯಮ್ಮನ ನೋಟುಬುಕ್ಕನ್ನು ಮೇಜಿನ ಮೇಲಿಟ್ಟಳು.

“ಇಷ್ಟೇ ಮೇಡಂ. ಒಂದೇ ರೋಗಿ.”

ಸುನಂದಮ್ಮ ಹಾಳೆ ತಿರುವಿದರು. ತಿರುವುತ್ತಲೇ ಹೋದರು. ಒಂದು ದಿನವೂ ಬಿಟ್ಟಿರಲಿಲ್ಲ. ಸಕ್ಕರೆ ತೀರಾ ಇಳಿದ ದಿನ ಏನು ಮಾಡಿದೆ ಎಂದು ಕೇಳಿದರು, ಅವಳು ಹೇಳಿದಳು.

“ಗುರುವಾರದಿಂದ ಬಾ. ಮೊದಲ ಆರು ತಿಂಗಳು ನನ್ನ ಜೊತೆಗೇ ಇರ್ಬೇಕು,” ಎಂದರು. ಆಮೇಲೆ ಕನ್ನಡಕ ತೆಗೆದರು. “ಆ ಮೆಡಿಕಲ್ಲಿನ ಹುಡುಗ ಬೆಳಿಗ್ಗೆ ಫೋನ್ ಮಾಡಿ ಅರ್ಧ ಗಂಟೆ ನಿನ್ನ ವಿಚಾರ ಹೇಳ್ದ. ನನ್ನನ್ನ ಮಾತಿಗೊಂದ್ಸಲ ಸಿಸ್ಟರ್ ಅಂದ. ನಿನ್ನನ್ನ ಒಂದ್ಸಲಾನೂ ಅನ್ನಲಿಲ್ಲ. ಯಾಕಂತ ನಿಂಗೊತ್ತಾಗ್ಲಿಲ್ವೇನೇ?”

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಗೊತ್ತಾಯಿತು. ಹುಣಸೂರು ಬಸ್ ಸ್ಟ್ಯಾಂಡಿಗೆ ಅದು ಜುಲೈನಲ್ಲೇ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ನಟರಾಜು ಅಂಗಡಿಯ ಬಾಗಿಲು ಎತ್ತುವಾಗ ಎದುರಿಗೆ ಬಿಳಿ ಯೂನಿಫಾರಂ ನಿಂತಿತ್ತು.

“ಯಾವ ಆಸ್ಪತ್ರೆ ಅಂತ ಕೇಳಿ,” ಎಂದಳು ಪವಿತ್ರಾ.

ಅವನು ಕೇಳಲಿಲ್ಲ. ಬಾಗಿಲನ್ನು ಅರ್ಧಕ್ಕೇ ಬಿಟ್ಟು ಅವಳತ್ತ ತಿರುಗಿದ.

“ಈಗಲಾದ್ರೂ ಸಿಸ್ಟರ್ ಅಂತೀರಾ?”

“ಊರಿಗೆಲ್ಲ ಆಗಿ. ನನಗೊಬ್ಬನಿಗೆ ಬ್ಯಾಡ ಕಣ್ರೀ.” ಅವನ ದನಿ ತಗ್ಗಿತು. “ಸೂಜಿ ಡಬ್ಬಿಲೇ ತಗಂಡ್ರೆ ಅಗ್ಗ. ಐದು ತಿಂಗಳಿಂದ ನಿಮಗೆ ಹೇಳ್ಲೇ ಇಲ್ಲ.”

“ನಂಗೂ ಗೊತ್ತಿತ್ತು,” ಎಂದಳು ಪವಿತ್ರಾ. “ಸೋಮವಾರಾನೂ ಏಳೇ ಕೊಡಿ.”

ಪಿರಿಯಾಪಟ್ಟಣದ ಆ ವಾರ್ಡಿನಲ್ಲಿ ಈಗ ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಾರೆ. ನಟರಾಜು ಎನ್ನುವುದಿಲ್ಲ.