ಕಿಡಿಗಾಳಿ ತಿನ್ನುವ ಮರಿ

ಗಿಡಮರ, ಹಕ್ಕಿಪಕ್ಷಿ ಯಾವುದೂ ಇನ್ನೂ ಹುಟ್ಟಿರದ ಕಾಲದಲ್ಲಿ, ಕಡಲ ತಳದಲ್ಲಿ ಕರಿಮಡು ಎಂಬ ರಾಜ್ಯವಿತ್ತು. ಅಲ್ಲಿಯ ಜನರಿಗೆ ಉಸಿರಾಡುವುದು ಗೊತ್ತಿರಲಿಲ್ಲ. ಬಿಸಿಬುಗ್ಗೆಗಳ ಗಂಧಕದ ನೀರು ಕುಡಿದು, ಮೆಲ್ಲಗೆ ನಡೆಯುತ್ತ, ಮೆಲ್ಲಗೆ ಮಾತಾಡುತ್ತ ಬದುಕಿದ್ದರು.

ಒಂದು ದಿನ ಕಡಲ ಮೇಲೆ ಹರಿತಾಕ್ಷನೆಂಬ ಮಾಂತ್ರಿಕ ಬಂದು ಕೂತ. ಅವನ ಮೈಯೆಲ್ಲ ಹಸಿರು. ಅವನು ಬಿಸಿಲು ಉಂಡು ಕಿಡಿಗಾಳಿ ಬಿಡುತ್ತಿದ್ದ, ಅದು ನೀರಿನಲ್ಲಿ ಬೆರೆತು ತಳಕ್ಕಿಳಿಯುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸೋಕಿದವರು ಒಳಗೊಳಗೇ ಸುಟ್ಟುಹೋಗುತ್ತಿದ್ದರು. ಹೊರಗಿನ ಚರ್ಮ ಮಾತ್ರ ಹಾಗೇ ಇರುತ್ತಿತ್ತು.

ನಾಗಲೆ ಬುಗ್ಗೆಯ ಕಾವಿನಲ್ಲಿ ಕಬ್ಬಿಣ ಬಡಿಯುತ್ತಿದ್ದಳು. ಅವಳ ಗಂಡ ಹಾಗೆಯೇ ಸತ್ತ. ಆಗ ಅವಳು ಬಸುರಿ.

ಮೊದಲು ಅವಳು ಮನೆಯ ಸುತ್ತ ಕಬ್ಬಿಣದ ಗೋಡೆ ಎಬ್ಬಿಸಿದಳು. ಕಬ್ಬಿಣ ಕಿಡಿಗಾಳಿ ಕುಡಿದು ಕೆಂಪಾಯಿತು, ಪುಡಿಯಾಗಿ ಉದುರಿತು. ಆಮೇಲೆ ಕೆಸರಿನಲ್ಲಿ ಹಳ್ಳ ತೋಡಿ, ಅತ್ತೆಯ ಜೊತೆ ಅಡಗಿದಳು. ಏಳನೆಯ ದಿನ ಅತ್ತೆಯ ಬೆರಳುಗಳು ಒಳಗೊಳಗೇ ಉರಿಯತೊಡಗಿದವು.

ಮೂರನೆಯ ಸಲ ನಾಗಲೆ ಈಟಿ ಹಿಡಿದು ಮಾಂತ್ರಿಕನನ್ನು ಕೊಲ್ಲಲು ಹೊರಟಳು. ಅರ್ಧ ದಾರಿಯಲ್ಲಿ ಈಟಿಯೂ ತುಕ್ಕಾಗಿ ಕೈಯಲ್ಲೇ ಕರಗಿತು. ಅಲ್ಲೊಂದು ಬಂಡೆಯ ಮೇಲೆ ಕಣ್ಣಿಲ್ಲದ, ಕೆಂಪಗಿನ ಮರಿಯೊಂದು ಬಾಯಾಡಿಸುತ್ತ ಕೂತಿತ್ತು.

"ಏನು ತಿನ್ನುತ್ತಿದ್ದೀ?" ಎಂದಳು ನಾಗಲೆ.

"ಕಿಡಿಗಾಳಿ. ನನ್ನನ್ನು ನುಂಗು ತಾಯಿ, ಆದರೆ ಅರಗಿಸಿಕೊಳ್ಳಬೇಡ. ಗಾಳಿ ನನಗೆ, ಅದರ ಕಾವು ನಿನಗೆ."

"ಮತ್ತೆ ಯಾವಾಗ ಹೊರಗೆ ಬರುತ್ತೀ?"

"ಬರುವುದಿಲ್ಲ. ನಿನ್ನ ಮಗಳೊಳಗೂ ಇರುತ್ತೇನೆ. ಅವಳ ಮಗಳೊಳಗೂ."

ನಾಗಲೆ ಬಹಳ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಬಾಯಿ ತೆರೆದಳು. ಮರಿ ತಾನಾಗಿಯೇ ಒಳಗೆ ಇಳಿಯಿತು. ಅವಳ ಎದೆ ಮೊದಲ ಸಲ ಉಬ್ಬಿತು, ಇಳಿಯಿತು. ಮೈ ಬೆಚ್ಚಗಾಯಿತು. ಕರಿಮಡುವಿನಲ್ಲಿ ಯಾರೂ ಓಡಿರದ ಹಾಗೆ ಅವಳು ಮನೆಗೆ ಓಡಿದಳು.

"ನಿನ್ನೊಳಗೆ ಏನೋ ಮಿಸುಕುತ್ತಿದೆಯಲ್ಲೇ," ಎಂದಳು ಅತ್ತೆ.

"ಹೌದತ್ತೆ. ಒಂದಿದ್ದದ್ದು ಈಗ ಹತ್ತಾಗಿದೆ." ನಾಗಲೆ ಕೆಮ್ಮಿ, ಅಂಗೈಗೆ ಒಂದು ಮರಿ ಉಗುಳಿದಳು. "ನೀವೂ ನುಂಗಿ. ಅಗಿಯಬೇಡಿ."

ಹೀಗೆ ಮನೆಯಿಂದ ಮನೆಗೆ ಮರಿಗಳು ಹೋದವು. ಸಾವು ನಿಂತಿತು. ಮಾಂತ್ರಿಕ ಬಗ್ಗಿ ನೋಡಿದಾಗ ಸಾವಿರ ಎದೆಗಳು ಒಟ್ಟಿಗೆ ಏರಿ ಇಳಿಯುತ್ತಿದ್ದವು, ಅವನ ವಿಷವನ್ನೇ ಉಣ್ಣುತ್ತಿದ್ದವು. ಅವನ ಮಂತ್ರ ಸತ್ತಿತು. ಕೂತಲ್ಲೇ ಹಸಿರು ಪಾಚಿಯಾಗಿ ಹರಡಿಕೊಂಡ; ಕಿಡಿಗಾಳಿ ಮಾತ್ರ ಬರುತ್ತಲೇ ಇತ್ತು.

ಕರಿಮಡುವಿನ ಜನ ಹಾಡು ಕಲಿತರು, ಕುಣಿತ ಕಲಿತರು, ಸುಖವಾಗಿದ್ದರು. ನಾಗಲೆಗೆ ಹೆಣ್ಣುಮಗು ಹುಟ್ಟಿತು. ಅತ್ತೆ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಬಾಯಿಗಳು ಆಡುತ್ತಿದ್ದವು.

"ಹಸಿದಿವೆ," ಎಂದಳು.

ನಾಗಲೆ ಎದ್ದು ಕಿಡಿಗಾಳಿಗೆ ಕಿಟಕಿ ತೆರೆದಳು.